ಗುಂಡಿಯ ಪರವಾಗಿ ನಾಲ್ಕು ಮಾತು

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಯಂತ್ರದ ವಿಷಯವಾಗಿ ಲೇಖನ ಬರೆಯಹೊರಟರೆ ಅದು ಅಧಿಕಪ್ರಸಂಗವೆಂದು ತೋರುವುದು ಸಹಜ. ಸಂಪಾದಕ ಮಿತ್ರರು ನನ್ನಿಂದ ಅಪೇಕ್ಷಿಸಿದ್ದು ಹೊಯ್ಸಳರ ಕಾಲದ ಕೆರೆಗಳ ಮೇಲೊಂದು ಪ್ರಬಂಧವನ್ನು. ಬರೆದುಕೊಡುವೆನೆಂದು ಮಾತನ್ನೂ ಕೊಟ್ಟಿದ್ದೆ. ಆದರೆ ಈ ವರ್ಷ ನನ್ನ ತಲೆಯನ್ನು ತಿಂದದ್ದು ಕೆರೆಯಲ್ಲ, ಗುಂಡಿ. ನೆಲದಲ್ಲಿ ತೋಡುವ ಗುಂಡಿಯಲ್ಲ, ಅಂಗಿಯ ಗುಂಡಿಯೂ ಅಲ್ಲ. ಬೆರಳಿನಿಂದ ಒತ್ತಿದರೆ ಒಳಗೆ ಹೋಗುವ, ಬಿಟ್ಟರೆ ಮೇಲೆ ಬರುವ ಯಂತ್ರದ ಗುಂಡಿ. ಊರಿನವರು ಬಟನ್ ಎನ್ನುತ್ತಾರಲ್ಲ, ಅದು.

ಪರದೆಯುಳ್ಳ ಪುಟ್ಟ ಯಂತ್ರಗಳು ಈಗ ಎಲ್ಲೆಲ್ಲೂ ಬಂದಿವೆ. ಡೇರಿಯಲ್ಲಿ, ಬಸ್ಸಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಪಡಿತರದ ಅಂಗಡಿಯಲ್ಲಿ ಅವನ್ನು ಕಾಣುತ್ತೇವೆ. ಅಂಥ ಯಂತ್ರಕ್ಕೆ ಬಣ್ಣದ ಪರದೆಯೊಂದಿದ್ದರೆ ಸಾಕೇ, ಅದರ ಜೊತೆಗೆ ಒತ್ತುವ ಗುಂಡಿಗಳೂ ಬೇಕೇ ಎಂಬುದು ಪ್ರಶ್ನೆ. ಬೇಕು ಎಂಬುದು ನನ್ನ ಪಕ್ಷ. ಅಷ್ಟೇ ಅಲ್ಲ, ಗುಂಡಿಗಳನ್ನು ಕಡೆಯಲ್ಲಿ ಅಂಟಿಸುವುದರಿಂದ ಪ್ರಯೋಜನವಿಲ್ಲ, ಪರದೆಯ ಮೇಲಿನ ಮೊದಲ ಗೆರೆಯನ್ನು ಎಳೆಯುವ ಮುನ್ನವೇ ಅವನ್ನು ನಿಶ್ಚಯಿಸಬೇಕು ಎಂದೂ ನಾನು ಹೇಳುತ್ತೇನೆ. ಈ ಅಭಿಪ್ರಾಯಕ್ಕೆ ನಾನು ಪುಸ್ತಕ ಓದಿ ಬಂದವನಲ್ಲ. ಒಂದು ತಪ್ಪು ಮಾಡಿ ಬಂದವನು.

ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿಗೆ ಸಹಾಯಕನಾಗಿ ಬೆಳಗಿನ ಹೊತ್ತು ನಾನು ಕೆಲಸ ಮಾಡುತ್ತೇನೆ. ಆರು ಗಂಟೆಗೆ ಬಾಗಿಲು ತೆರೆದರೆ ಏಳೂವರೆಯೊಳಗೆ ನೂರೆಂಬತ್ತು ಮಂದಿಯ ಹಾಲು ಅಳೆದು ಮುಗಿಯಬೇಕು. ಎಂಟಕ್ಕೆ ಲಾರಿ ಬರುತ್ತದೆ, ಎಂಟೂಕಾಲಿಗೆ ನಾನು ಕಾಲೇಜಿನ ಬಸ್ಸು ಹಿಡಿಯಬೇಕು. ಹಾಲನ್ನು ತಕ್ಕಡಿಯ ಮೇಲಿನ ಪಾತ್ರೆಗೆ ಸುರಿದರೆ ತೂಕವು ತಾನೇ ಯಂತ್ರಕ್ಕೆ ಹೋಗುತ್ತದೆ. ಸ್ಯಾಂಪಲ್ ಹಿಡಿದರೆ ಫ್ಯಾಟೂ ಎಸ್.ಎನ್.ಎಫೂ ತಾವೇ ಬರುತ್ತವೆ. ಮನುಷ್ಯನು ಒತ್ತಬೇಕಾದದ್ದು ಒಂದೇ ಒಂದು, ಸದಸ್ಯರ ನಂಬರು. ಆದರೆ ಆ ಒಂದು ತಪ್ಪಿದರೆ ಮಿಕ್ಕ ಎಲ್ಲವೂ ಸರಿಯಾಗಿದ್ದೂ ವ್ಯರ್ಥ. ಒಬ್ಬರ ಹಾಲು ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ.

ಹಳೆಯ ಯಂತ್ರವೆಂಬುದು ಒಂದು ತಗಡಿನ ಪೆಟ್ಟಿಗೆ. ಎರಡು ಸಾಲಿನ ಮಂಕು ಪರದೆ, ಹದಿನಾರು ರಬ್ಬರು ಗುಂಡಿ. ಗುಂಡಿಗಳ ಮೇಲಿನ ಅಂಕಿಗಳು ಅಳಿಸಿಹೋಗಿ ಎಷ್ಟೋ ವರ್ಷವಾಗಿತ್ತು. ಆದರೂ ಕಾರ್ಯದರ್ಶಿಯವರು ಎದುರಿಗಿದ್ದವರ ಮುಖ ನೋಡುತ್ತಲೇ, ಅವರ ಮಗಳ ಬಾಣಂತನ ವಿಚಾರಿಸುತ್ತಲೇ ನಂಬರು ಒತ್ತುತ್ತಿದ್ದರು. ಕಳೆದ ಬೇಸಗೆಯಲ್ಲಿ ಹೊಸ ಯಂತ್ರ ಬಂತು. ಬಣ್ಣದ ಟಚ್ ಸ್ಕ್ರೀನು. ನಂಬರು ಒತ್ತಿದರೆ ಸದಸ್ಯರ ಹೆಸರು ಕನ್ನಡದಲ್ಲಿ, ಗುಂಡಗಿನ ಅಕ್ಷರದಲ್ಲಿ ಮೂಡುತ್ತಿತ್ತು. ಮೊದಲ ದಿನ ಹೆಂಗಸರು ತಮ್ಮ ಹೆಸರನ್ನು ನೋಡಲೆಂದೇ ಮೇಜಿನ ಈಚೆಗೆ ಬಂದರು. ನಾನೂ ಹಿಗ್ಗಿದೆ. ಒಂದೂ ಗುಂಡಿಯಿಲ್ಲದ ನುಣುಪಾದ ಗಾಜನ್ನು ಕಂಡು, ಕಾಲ ಎಷ್ಟು ಮುಂದುವರಿಯಿತಲ್ಲಾ ಎಂದು ಬೆರಗಾದವರಲ್ಲಿ ನಾನೇ ಮೊದಲಿಗ.

ಮಳೆಗಾಲ ಬಂದಾಗ ಬೆರಗು ಇಳಿಯಿತು. ಬೆರಳು ಗಾಜನ್ನು ಮುಟ್ಟಿತೆಂದು ಈ ಪರದೆಗಳು ತಿಳಿಯುವುದು ಹೇಗೆ? ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ವಿದ್ಯುದ್ವಾಹಕದ ಜಾಲವಿರುತ್ತದೆ. ನಮ್ಮ ದೇಹವೂ ವಿದ್ಯುದ್ವಾಹಕವಾದುದರಿಂದ ಬೆರಳು ಹತ್ತಿರ ಬಂದಾಗ ಆ ಜಾಗದ ವಿದ್ಯುತ್ ಧಾರಣೆ ಕೊಂಚ ಬದಲಾಗುತ್ತದೆ. ಅದನ್ನು ಅಳೆದು ಯಂತ್ರವು ಇಲ್ಲಿ ಬೆರಳಿದೆ ಎಂದು ಊಹಿಸುತ್ತದೆ. ನೀರಿನ ಹನಿಯೂ ಹಾಲಿನ ತೊಟ್ಟೂ ಅದೇ ಬದಲಾವಣೆಯನ್ನು ಮಾಡಬಲ್ಲವು. ಹೀಗಾಗಿ ಒದ್ದೆ ಗಾಜಿನ ಮೇಲೆ ಒಮ್ಮೆ ಒತ್ತಿದ್ದು ಎರಡಾಗುತ್ತದೆ, ಒತ್ತಿದ್ದು ಬಾರದೆ ಹೋಗುತ್ತದೆ, ಇಲ್ಲವೇ ಯಾರೂ ಒತ್ತದೆಯೇ ಅಂಕಿ ಮೂಡುತ್ತದೆ. ಡೇರಿಯಲ್ಲಿ ಒಣಗಿದ ಕೈ ಎಲ್ಲಿಂದ ತರುವುದು?

ಜುಲೈ ತಿಂಗಳ ಒಂದು ಬೆಳಗ್ಗೆ ನಮ್ಮ ಕೇರಿಯ ಅಜ್ಜಿಯೊಬ್ಬಳು ಹಾಲು ತಂದಳು. ಅವಳ ನಂಬರು 12. ನಾನೇ ಒತ್ತಿದೆ. ಯಂತ್ರ ಹಿಡಿದದ್ದು 122. ಹೆಸರು ಕನ್ನಡದಲ್ಲಿಯೇ ಮೂಡಿರಬೇಕು. ನನ್ನ ಗಮನವೆಲ್ಲ ಪಂಚೆಯ ಚುಂಗಿನಿಂದ ಗಾಜು ಒರೆಸುವುದರ ಮೇಲಿತ್ತು. ಒರೆಸುತ್ತಲೇ ‘ಸರಿ’ ಎಂಬುದನ್ನು ಮುಟ್ಟಿದೆ. ಅಜ್ಜಿಗೆ ಓದು ಬಾರದು. ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಹೋದಳು. ಅದೇ ವಾರದಲ್ಲಿ ಇನ್ನೂ ಎರಡು ಸಲ ಹೀಗೆಯೇ ಆಯಿತೆಂದು ಬಟವಾಡೆಯ ದಿನ ತಿಳಿಯಿತು. ಅಜ್ಜಿಯ ಲೆಕ್ಕದಲ್ಲಿ ಮೂರು ಹೊತ್ತಿನ ಹಾಲು ಇರಲಿಲ್ಲ. 122ನೆಯವರು ತಮಗೆ ಬಂದ ಹಣ ತಮ್ಮದೇ ಎಂದರು. ಅವರ ಚೀಟಿಯಲ್ಲಿಯೂ ಹಾಗೆಯೇ ಇತ್ತು. ಕಡೆಗೆ ಕಾರ್ಯದರ್ಶಿಯವರು ತಮ್ಮ ಜೇಬಿನಿಂದ ಕೊಟ್ಟು ಮಾತು ಮುಗಿಸಿದರು. ಹಣ ಬಂತು, ಆದರೆ ಮರುದಿನ ಅಜ್ಜಿ ಮೇಜಿನ ಮುಂದೆ ನಿಂತು, “ಲೋ ಮಗ, ಹಳೇ ಡಬ್ಬೀಲಿ ನೀನು ಕುಟ್ಟಿದ್ ಸದ್ದು ನಂಗೆ ಕೇಳ್ತಿತ್ತು. ಎಲ್ಡ್ ಕಿತ ಕುಟ್ಟಿದ್ರೆ ನಂದು ಅಂತ ಗೊತ್ತಾಗದು. ಇದ್ರಲ್ಲಿ ನೀನು ಏನ್ ಮಾಡ್ತೀಯೋ ಶಿವ್ನೇ ಬಲ್ಲ” ಎಂದಳು.

ಆ ಮಾತು ನನಗೆ ನಾಟಿತು. ಗುಂಡಿಯ ಸದ್ದು ಅವಳಿಗೆ ರಶೀದಿಯಾಗಿತ್ತೆಂದು ಯಾರಿಗೆ ತಾನೇ ಹೊಳೆದಿತ್ತು?

ಡೇರಿಯ ಯಂತ್ರವನ್ನು ಬಿಚ್ಚುವಂತಿಲ್ಲ, ಅದಕ್ಕೆ ಮಾರಿದವರ ಮುದ್ರೆ ಇದೆ. ಆದ್ದರಿಂದ ಪಾಲಿಟೆಕ್ನಿಕ್‌ನಲ್ಲಿ ಓದುತ್ತಿರುವ ನನ್ನ ಗೆಳೆಯನೊಬ್ಬನನ್ನು ಕಾಡಿ, ಸಂಘದ ಆಡಳಿತ ಮಂಡಲಿಗೆ ತೋರಿಸಲು ಒಂದು ಮಾದರಿಯನ್ನು ಮಾಡಲು ಹೊರಟೆವು. ಅಂಗೈಯಗಲದ ಒಂದು ಬಣ್ಣದ ಪರದೆ, ಅದನ್ನು ನಡೆಸುವ ಒಂದು ಚಿಕ್ಕ ಬೋರ್ಡು, ಹದಿನಾರು ಗುಂಡಿಯ ಒಂದು ಕೀಪ್ಯಾಡು. ಪರದೆಯ ಮೇಲೆ ಚಿತ್ರ, ಪಟ್ಟಿ, ಅಂಕಿ ಬರೆಯಲು ಎಲ್.ವಿ.ಜಿ.ಎಲ್. ಎಂಬ ಸಾಧನವನ್ನು ಬಳಸಿದೆವು. ಹಂಗೇರಿಯ ಗಾಬೋರ್ ಕಿಶ್-ವಾಮೋಶಿ ಎಂಬವರು ಆರಂಭಿಸಿ, ಬಳಿಕ ಅನೇಕರು ಕೂಡಿ ಬೆಳೆಸಿದ ಇದನ್ನು ಯಾರು ಬೇಕಾದರೂ ಕಾಸು ಕೊಡದೆ ಉಪಯೋಗಿಸಬಹುದು. ಬೆಸುಗೆಯ ಕೆಲಸ ಅವನದು. ಡೇರಿಯಲ್ಲಿ ಏನು ನಡೆಯುತ್ತದೆಂದು ಹೇಳುವ ಕೆಲಸ ನನ್ನದು. ಇತಿಹಾಸದ ವಿದ್ಯಾರ್ಥಿಗೆ ಇಷ್ಟಾದರೂ ಗೌರವ ಸಿಕ್ಕಿತು.

ಹದಿನಾರು ಗುಂಡಿಗೆ ಹದಿನಾರು ತಂತಿ ಬೇಕೆಂದು ನಾನು ತಿಳಿದಿದ್ದೆ. ಎಂಟೇ ಸಾಕು. ಗುಂಡಿಗಳು ಚೌಕಾಬಾರದ ಮನೆಯಂತೆ ನಾಲ್ಕು ಅಡ್ಡಸಾಲು, ನಾಲ್ಕು ಉದ್ದಸಾಲುಗಳಾಗಿ ಜೋಡಿಸಿರುತ್ತವೆ. ಯಂತ್ರವು ಒಂದೊಂದು ಅಡ್ಡಸಾಲನ್ನೂ ಸರದಿಯ ಪ್ರಕಾರ ಎಚ್ಚರಿಸಿ, ಯಾವ ಉದ್ದಸಾಲಿನಿಂದ ಉತ್ತರ ಬಂತೆಂದು ನೋಡುತ್ತದೆ. ಹಾಜರಿ ಕರೆಯುವ ಅಧ್ಯಾಪಕರು ಬೆಂಚು ಬೆಂಚಾಗಿ ಕೇಳಿದ ಹಾಗೆ. ಆಯತದ ಮೂರು ಮೂಲೆಯ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯ ಮೂಲೆಯಿಂದಲೂ ಉತ್ತರ ಬರುತ್ತದೆ. ಬಾರದವನ ಪರವಾಗಿ ಗೆಳೆಯರು ಹಾಜರಿ ಕೂಗುವುದಕ್ಕೆ ಇದನ್ನು ಹೋಲಿಸಬಹುದು. ಅದನ್ನು ತಡೆಯಲು ಪ್ರತಿ ಗುಂಡಿಗೂ ಒಂದು ಡಯೋಡು ಹಾಕುತ್ತಾರೆ, ಇಲ್ಲವೇ ಏಕಕಾಲಕ್ಕೆ ಹಲವು ಗುಂಡಿ ಒತ್ತಿದಾಗ ಎಲ್ಲವನ್ನೂ ತಳ್ಳಿಹಾಕುತ್ತಾರೆ. ಅಲ್ಲದೆ, ಲೋಹಕ್ಕೆ ಲೋಹ ತಗುಲಿದಾಗ ಅದು ಒಂದೇ ಸಲ ನಿಲ್ಲುವುದಿಲ್ಲ, ಕೆಲವು ಮಿಲಿಸೆಕೆಂಡುಗಳ ಕಾಲ ಅದುರುತ್ತದೆ. ಆ ಅದುರಾಟ ಮುಗಿಯುವವರೆಗೆ ಕಾದು ಎಣಿಸದಿದ್ದರೆ ಗುಂಡಿಯಲ್ಲಿಯೂ 12 ಎಂಬುದು 122 ಆಗಬಹುದು! ಗುಂಡಿಯೇನೂ ದೋಷರಹಿತವಲ್ಲ. ಆದರೆ ಅದರ ದೋಷಗಳು ಗೊತ್ತಿರುವಂಥವು, ನಾಲ್ಕು ಸಾಲಿನ ಪ್ರೋಗ್ರಾಮಿನಿಂದ ಪರಿಹಾರವಾಗುವಂಥವು. ಮಳೆ ಬಂದಿತೆಂದು ಹೆಚ್ಚುವಂಥವಲ್ಲ.

ತಂತಿಯ ಕೆಲಸ ಒಂದು ಸಂಜೆಯಲ್ಲಿ ಮುಗಿಯಿತು. ನಿಜವಾದ ತೊಡಕು ಅದಾದ ಮೇಲೆ ಆರಂಭವಾಯಿತು. ನನ್ನ ಲೇಖನದ ಮುಖ್ಯ ಮಾತೂ ಇಲ್ಲಿಯೇ ಇದೆ, ಓದುಗರು ಸ್ವಲ್ಪ ತಾಳ್ಮೆ ತೋರಬೇಕು.

ಪರದೆಗಾಗಿ ಬರೆದ ಚಿತ್ರಕ್ಕೆ ಗುಂಡಿಯನ್ನು ಕೂಡಿಸಲು ಎರಡು ದಾರಿಗಳಿವೆ. ಮೊದಲನೆಯದು ಸುಲಭ. ಪರದೆಯ ಈ ಜಾಗದಲ್ಲಿ ಬೆರಳು ಮುಟ್ಟಿತೆಂದು ಗುಂಡಿಯಿಂದ ಸುಳ್ಳು ಹೇಳಿಸುವುದು. ‘ಸರಿ’ ಎಂಬ ಚೌಕ ಪರದೆಯ ಬಲಗಡೆ ಕೆಳಗಿದೆಯೇ? ‘ಸರಿ’ ಗುಂಡಿ ಒತ್ತಿದಾಗ ಅದೇ ಮೂಲೆಯನ್ನು ಮುಟ್ಟಿದಂತೆ ನಟಿಸಿದರಾಯಿತು. ಮೇಲೆ ಹೇಳಿದ ಸಾಧನದಲ್ಲಿ ಇದಕ್ಕೆ ಬೇಕಾದ ಏರ್ಪಾಡೇ ಇದೆ. ನಾವೂ ಹಾಗೆಯೇ ಮಾಡಿ, ಒಂದು ಗಂಟೆಯಲ್ಲಿ ಕೆಲಸವಾಯಿತೆಂದು ಬೀಗಿದೆವು. ಮರುದಿನ, ಚೀಟಿಯ ಕಾಗದ ಮುಗಿದಾಗ ಬರುವ ಎಚ್ಚರಿಕೆಯ ಪೆಟ್ಟಿಗೆಯನ್ನು ಸೇರಿಸಿದೆವು. ಆ ಪೆಟ್ಟಿಗೆಯಲ್ಲಿ ಬಲಗಡೆ ಕೆಳಗೆ ಇದ್ದದ್ದು ‘ರದ್ದು’! ‘ಸರಿ’ ಎಂದು ಒತ್ತಿದರೆ ಹಾಲಿನ ಲೆಕ್ಕವೇ ರದ್ದಾಗುತ್ತಿತ್ತು. ಗುಂಡಿಯದು ತಪ್ಪಲ್ಲ, ಪರದೆಯದೂ ತಪ್ಪಲ್ಲ. ಗುಂಡಿಗೆ ತನ್ನದೇ ಆದ ಅರ್ಥವನ್ನು ಕೊಡದೆ ಅದನ್ನು ಬೆರಳಿನ ವೇಷಧಾರಿಯನ್ನಾಗಿ ಮಾಡಿದ್ದು ತಪ್ಪು.

ಎರಡನೆಯ ದಾರಿಯಲ್ಲಿ ಗುಂಡಿ ಗುಂಡಿಯಾಗಿಯೇ ಉಳಿಯುತ್ತದೆ. ‘ನಾನು ಐದು’, ‘ನಾನು ಅಳಿಸು’, ‘ನಾನು ಸರಿ’ ಎಂದಷ್ಟೇ ಅದು ಹೇಳುತ್ತದೆ. ಆ ಮಾತು ಪರದೆಯ ಮೇಲಿನ ಯಾವ ಭಾಗಕ್ಕೆ ಸೇರಬೇಕೆಂಬುದನ್ನು ಪರದೆಯೇ ನಿರ್ಧರಿಸಬೇಕು. ಬೆರಳಿಗೆ ಈ ಪ್ರಶ್ನೆಯೇ ಇಲ್ಲ, ಅದು ಬೇಕಾದ ಕಡೆಗೆ ನೇರವಾಗಿ ಹೋಗುತ್ತದೆ. ಗುಂಡಿಗೆ ಕಣ್ಣಿಲ್ಲ. ಆದ್ದರಿಂದ, ಪರದೆಯ ಮೇಲಿನ ಭಾಗಗಳನ್ನೆಲ್ಲ ಒಂದು ಗುಂಪು ಮಾಡಿ, ಅದರಲ್ಲಿ ಈಗ ಯಾರ ಸರದಿ ಎಂಬುದನ್ನು ದಪ್ಪ ಅಂಚಿನಿಂದ ಸದಾ ತೋರಿಸುತ್ತಿರಬೇಕು. ಎಚ್ಚರಿಕೆಯ ಪೆಟ್ಟಿಗೆ ಬಂದಾಗ ಸರದಿ ಪೂರ್ತಿಯಾಗಿ ಅದಕ್ಕೆ ಹೋಗಬೇಕು, ಅದು ಮರೆಯಾದಾಗ ಮೊದಲಿದ್ದಲ್ಲಿಗೇ ಮರಳಬೇಕು. ಇದನ್ನು ಮರೆತು ನಾವು ಇನ್ನೊಮ್ಮೆ ಪೆಟ್ಟು ತಿಂದೆವು. ಮುಂದೆ ಎಚ್ಚರಿಕೆ ನಿಂತಿದೆ, ಒತ್ತಿದ ಅಂಕಿಗಳು ಮಾತ್ರ ಅದರ ಹಿಂದೆ ಅಡಗಿದ ನಂಬರಿನ ಮನೆಗೆ ಹೋಗಿ ಬೀಳುತ್ತಿವೆ! ಮತ್ತೊಂದು ಸಂಗತಿಯನ್ನೂ ಹೇಳಬೇಕು. ಪರದೆಯ ಪ್ರೋಗ್ರಾಮು ಗುಂಡಿಯ ಕಡೆ ತಿರುಗಿ ನೋಡುವುದು ಸುಮಾರು 30 ಮಿಲಿಸೆಕೆಂಡಿಗೊಮ್ಮೆ. ಪರದೆಯನ್ನು ಹೊಸದಾಗಿ ಬರೆಯುತ್ತಿರುವಾಗ ಇನ್ನೂ ತಡವಾಗಬಹುದು. ನಮ್ಮ ಕಾರ್ಯದರ್ಶಿಯವರ ಹೆಬ್ಬೆರಳು ಅದಕ್ಕಾಗಿ ಕಾಯುವುದಿಲ್ಲ. ಒತ್ತಿದ್ದನ್ನೆಲ್ಲ ಒಂದು ಕಡೆ ಸಾಲಾಗಿ ಕೂಡಿಟ್ಟು, ಕೇಳಿದಾಗ ಒಂದೊಂದಾಗಿ ಕೊಡುವ ಏರ್ಪಾಡು ಮಾಡಿದ ಮೇಲೆಯೇ ಅಂಕಿಗಳು ನುಂಗಿಹೋಗುವುದು ನಿಂತಿತು.

ಈ ವಿವರಗಳನ್ನು ಇಷ್ಟು ಬೆಳೆಸಲು ಕಾರಣವಿದೆ. ಯಂತ್ರ ಮಾರುವವರನ್ನು ಕೇಳಿದರೆ, “ಗುಂಡಿ ಬೇಕಾದರೆ ಆಮೇಲೆ ಸೇರಿಸಿಕೊಡುತ್ತೇವೆ, ಅದೇನು ದೊಡ್ಡದು” ಎನ್ನುತ್ತಾರೆ. ಸೇರಿಸುವುದು ದೊಡ್ಡದಲ್ಲ. ಬೆರಳಿಗೆಂದು ಬರೆದ ಪರದೆಯಲ್ಲಿ ಇಪ್ಪತ್ತು ಚೌಕಗಳು ಎಲ್ಲೆಂದರಲ್ಲಿ ಚೆಲ್ಲಿರುತ್ತವೆ. ಬೆರಳು ಜಿಗಿದು ಹೋಗುವಲ್ಲಿ ಗುಂಡಿ ಒಂದೊಂದಾಗಿ ತೆವಳಬೇಕು. ಹತ್ತು ಸಲ ಒತ್ತಿ ಹನ್ನೊಂದನೆಯ ಚೌಕವನ್ನು ಮುಟ್ಟುವ ಯಂತ್ರವನ್ನು ನಾಲ್ಕೇ ದಿನದಲ್ಲಿ ಎಲ್ಲರೂ ಶಪಿಸುತ್ತಾರೆ. ಆಗ ಅದೇ ಮಾರಾಟಗಾರರು, “ನೋಡಿದಿರಾ, ಗುಂಡಿಯ ಕಾಲ ಹೋಯಿತು” ಎನ್ನುತ್ತಾರೆ. ಇದು ಯಾವ ನ್ಯಾಯ? ನಮ್ಮ ಮಾದರಿಯಲ್ಲಿ ನಾವು ಪರದೆಯನ್ನೇ ಅಳಿಸಿ ಮೊದಲಿನಿಂದ ಬರೆದೆವು. ಹತ್ತು ಗುಂಡಿ ಅಂಕಿಗಳಿಗೆ. ಉಳಿದ ಆರು ಹಸು, ಎಮ್ಮೆ, ಅಳಿಸು, ಹಿಂದೆ, ಚೀಟಿ, ಸರಿ. ಬೆಳಗಿನ ಕೆಲಸಕ್ಕೆ ಇದಕ್ಕಿಂತ ಹೆಚ್ಚು ಬೇಡ. ಪರದೆಯ ಮೇಲೆ ಒತ್ತುವ ಚೌಕ ಒಂದೂ ಇಲ್ಲ. ಆ ಜಾಗವನ್ನೆಲ್ಲ ಸದಸ್ಯರ ಹೆಸರು ತುಂಬಿತು, ಮೇಜಿನ ಆಚೆಗಿದ್ದವರಿಗೂ ಕಾಣುವಂತೆ.

ಅಂಕಿಗಳನ್ನು ಹೇಗೆ ಜೋಡಿಸಬೇಕೆಂದು ಗೆಳೆಯನಿಗೂ ನನಗೂ ವಾದವಾಯಿತು. ಲೆಕ್ಕದ ಕ್ಯಾಲ್ಕ್ಯುಲೇಟರಿನಲ್ಲಿ 7, 8, 9 ಮೇಲಿನ ಸಾಲಿನಲ್ಲಿರುತ್ತವೆ. ಟೆಲಿಫೋನಿನಲ್ಲಿ 1, 2, 3. ಇದನ್ನು ಹುಡುಕುತ್ತ ಹೋದಾಗ ಸ್ವಾರಸ್ಯವಾದ ಚರಿತ್ರೆಯೊಂದು ಸಿಕ್ಕಿತು. ಅಮೆರಿಕದ ಬೆಲ್ ಪ್ರಯೋಗಶಾಲೆಯವರು ತಿರುಗಿಸುವ ಡಯಲನ್ನು ಬಿಟ್ಟು ಒತ್ತುವ ಗುಂಡಿಯ ಟೆಲಿಫೋನನ್ನು ಮಾಡಬೇಕೆಂದಾಗ ತಮಗೆ ತೋಚಿದಂತೆ ಮಾಡಿಬಿಡಲಿಲ್ಲ. ಜಾನ್ ಕಾರ್ಲಿನ್ ಎಂಬ ಮನಶ್ಶಾಸ್ತ್ರಜ್ಞರ ವಿಭಾಗದಲ್ಲಿ ಗುಂಡಿಗಳ ಹಲವು ಜೋಡಣೆಗಳನ್ನು ಜನರಿಂದ ಒತ್ತಿಸಿ ನೋಡಿದರು. ಗುಂಡಿ ಎಷ್ಟು ಆಳಕ್ಕೆ ಇಳಿಯಬೇಕು, ಅದರ ಸ್ಪ್ರಿಂಗು ಎಷ್ಟು ಬಿಗಿಯಿರಬೇಕು ಎಂಬುದನ್ನೂ ಪರೀಕ್ಷಿಸಿದರು. ರಿಚರ್ಡ್ ಡೈನಿಂಜರ್ ಅವರು 1960ರಲ್ಲಿ ಆ ಪರೀಕ್ಷೆಗಳ ವರದಿಯನ್ನು ಪ್ರಕಟಿಸಿದರು. ಜೋಡಣೆ ಜೋಡಣೆಗೆ ವೇಗದಲ್ಲಿ ಬಹಳ ಅಂತರವೇನೂ ಕಂಡುಬರಲಿಲ್ಲ. ಆದರೂ ಮೂರು ಮೂರರ ಸಾಲು, ಕೆಳಗೊಂದು ಸೊನ್ನೆ ಎಂಬ ಜೋಡಣೆ ಉಳಿದುಕೊಂಡಿತು. 1963ರ ನವೆಂಬರಿನಲ್ಲಿ ಪೆನ್ಸಿಲ್ವೇನಿಯದ ಎರಡು ಊರುಗಳಲ್ಲಿ ಅದು ಮೊದಲು ಬಳಕೆಗೆ ಬಂತು. ಇಂದಿಗೂ ನಮ್ಮ ಜೇಬಿನ ಫೋನಿನಲ್ಲಿ ನಂಬರು ಒತ್ತುವಾಗ ಕಾಣುವುದು ಅದೇ ಜೋಡಣೆ. ಗುಂಡಿ ಹೋದರೂ ಗುಂಡಿಯ ಚಿತ್ರ ಉಳಿಯಿತು! ನಮ್ಮ ಕಾರ್ಯದರ್ಶಿಯವರ ಹಳೆಯ ಪೆಟ್ಟಿಗೆಯಲ್ಲಿಯೂ ಅದೇ ಇದ್ದುದರಿಂದ ನಮ್ಮ ವಾದ ಅಲ್ಲಿಗೇ ಮುಗಿಯಿತು. ಕೀಪ್ಯಾಡಿನ ನಡುವಿನ 5ರ ಮೇಲೆ ಒಂದು ಉಬ್ಬು ಚುಕ್ಕೆ ಇರುವುದನ್ನು ಎಷ್ಟು ಜನ ಗಮನಿಸಿದ್ದೀರೋ ಕಾಣೆ. ಕಣ್ಣಿಲ್ಲದವರು ಅದೊಂದನ್ನು ಮುಟ್ಟಿ ಮಿಕ್ಕ ಎಲ್ಲ ಅಂಕಿಗಳ ನೆಲೆಯನ್ನೂ ತಿಳಿಯುತ್ತಾರೆ. ಬರಿಯ ಗಾಜಿನ ಮೇಲೆ ಅಂಥ ಚುಕ್ಕೆಯನ್ನು ಎಲ್ಲಿ ಇಡೋಣ?

ಇನ್ನು ಕನ್ನಡದ ವಿಚಾರ. ಹೊಸ ಸದಸ್ಯರು ಸೇರಿದಾಗ ಅವರ ಹೆಸರನ್ನು ಬರೆಯಬೇಕಲ್ಲ? ಹದಿನಾರು ಗುಂಡಿಯಲ್ಲಿ ನಮ್ಮ ಇಡೀ ವರ್ಣಮಾಲೆ ಹಿಡಿಯುವುದೇ ಎಂದು ಗೆಳೆಯ ನಕ್ಕನು. ನನ್ನ ಉತ್ತರವನ್ನು ನಮ್ಮ ಹಳೆಯ ವೈಯಾಕರಣರು ಎಂದೋ ಸಿದ್ಧಮಾಡಿಟ್ಟಿದ್ದಾರೆ. ಕ ವರ್ಗಕ್ಕೊಂದು, ಚ ವರ್ಗಕ್ಕೊಂದು, ಟ, ತ, ಪ ವರ್ಗಗಳಿಗೆ ಒಂದೊಂದು ಗುಂಡಿ ಎಂದರೆ ಇಪ್ಪತ್ತೈದು ವ್ಯಂಜನಗಳು ಐದು ಗುಂಡಿಯಲ್ಲಿ ಕುಳಿತವು. ಯ ರ ಲ ವ ಒಂದರಲ್ಲಿ, ಶ ಷ ಸ ಹ ಳ ಇನ್ನೊಂದರಲ್ಲಿ, ಸ್ವರಗಳಿಗೆ ಎರಡು, ಒತ್ತಕ್ಷರಕ್ಕೆ ಒಂದು. ಹತ್ತೇ ಗುಂಡಿಯಲ್ಲಿ ಕೆಲಸ ಮುಗಿಯಿತು. ‘ಗ’ ಬೇಕಾದರೆ ಕ ವರ್ಗದ ಗುಂಡಿಯನ್ನು ಮೂರು ಸಲ ಒತ್ತುವುದು. ನಿಧಾನವೇ ಸರಿ; ಆದರೆ ವರ್ಷಕ್ಕೆ ಹತ್ತು ಹೆಸರು ಬರೆಯಲು ವೇಗ ಏಕೆ? ಇಂಗ್ಲಿಷಿನ ಎ, ಬಿ, ಸಿ ಸಾಲಿಗೆ ಹಿಂದು ಮುಂದಿಲ್ಲ; ಅದನ್ನು ಬಾಯಿಪಾಠ ಮಾಡಬೇಕು. ನಮ್ಮದು ಬಾಯಿಯೊಳಗೆ ಧ್ವನಿ ಹುಟ್ಟುವ ಜಾಗದ ಪ್ರಕಾರ ಬೆಳೆದ ಸಾಲು. ಪ್ರಾಥಮಿಕ ಶಾಲೆಯ ಕಾಗುಣಿತ ಬಲ್ಲವರಿಗೆ ಈ ಗುಂಡಿಗಳನ್ನು ಮತ್ತೆ ಕಲಿಸಬೇಕಾಗಿಲ್ಲ. ಕನ್ನಡದ ಅಕ್ಷರವೆಂದರೆ ವ್ಯಂಜನ ಸ್ವರಗಳ ಕೂಡಿಕೆಯೆಂಬ ಈ ತತ್ವದ ಮೇಲೆಯೇ ಕೆ. ಪಿ. ರಾಯರು ಕಂಪ್ಯೂಟರಿನ ಸಾಮಾನ್ಯ ಕೀಲಿಮಣೆಯಲ್ಲಿ ಇಡೀ ಕನ್ನಡವನ್ನು ಕೂರಿಸಿದರು. ಸರ್ಕಾರವೂ ಆ ವಿನ್ಯಾಸವನ್ನು ಒಪ್ಪಿಕೊಂಡಿತು. ಅವರು ಹಾಕಿದ ದಾರಿಯಲ್ಲಿ ನಾವು ನಾಲ್ಕು ಹೆಜ್ಜೆ ನಡೆದೆವೆಂದರೆ ಹೆಚ್ಚು ಹೇಳಿದಂತಾಗಲಾರದು.

ಒಂದು ಸೋಲನ್ನೂ ಒಪ್ಪಿಕೊಳ್ಳಬೇಕು. ಒತ್ತುವುದೇನೋ ಸಾಧಿಸಿತು, ತೋರಿಸುವುದು ಸಾಧಿಸಲಿಲ್ಲ. ನಮ್ಮ ಪುಟ್ಟ ಬೋರ್ಡು ಅಕ್ಷರದ ಪಕ್ಕಕ್ಕೆ ಅಕ್ಷರವನ್ನು ಇಡಬಲ್ಲುದೇ ಹೊರತು ಒಂದರ ಕೆಳಗೊಂದನ್ನು ಕೂಡಿಸಲಾರದು. ‘ಲಕ್ಷ್ಮಮ್ಮ’ ಎಂದು ಒತ್ತಿದರೆ ಲ, ಕ, ಷ, ಮ ಎಲ್ಲವೂ ಜಗಳವಾಡಿದ ದಾಯಾದಿಗಳಂತೆ ಬೇರೆ ಬೇರೆ ನಿಂತವು. ಕಡೆಗೆ ಹೆಸರುಗಳನ್ನೆಲ್ಲ ದೊಡ್ಡ ಕಂಪ್ಯೂಟರಿನಲ್ಲಿ ಮೊದಲೇ ಚಿತ್ರಗಳನ್ನಾಗಿ ಮಾಡಿ ತುಂಬಿದೆವು. ಇದು ತೇಪೆಯ ಕೆಲಸ. ಕನ್ನಡದ ಒತ್ತಕ್ಷರಗಳನ್ನು ಪುಟ್ಟ ಯಂತ್ರಗಳಲ್ಲಿಯೂ ಸರಿಯಾಗಿ ಕೂಡಿಸುವ ಕೆಲಸವನ್ನು ನಮ್ಮ ನಾಡಿನ ತಾಂತ್ರಿಕ ವಿದ್ಯಾರ್ಥಿಗಳು ಕೈಗೊಳ್ಳುವರೆಂದು ಹಾರೈಸುತ್ತೇನೆ.

ನಮ್ಮ ತರಗತಿಯ ಮಿತ್ರರೊಬ್ಬರು ಇದನ್ನೆಲ್ಲ ಕೇಳಿ, “ನೀನು ಹಳಬರ ಪಕ್ಷ. ಮುಂದೆ ಎಲ್ಲವೂ ಗಾಜೇ” ಎಂದರು. ಗುಂಡಿಯೆಂದರೆ ಹಳತು ಎನ್ನುವವರಿಗೆ ನಾನು ಎರಡು ನಿದರ್ಶನಗಳನ್ನು ಕೊಡುತ್ತೇನೆ. ಒಂದು ನಮ್ಮ ಬೆಂಗಳೂರಿನದೇ. ವಿದ್ಯುನ್ಮಾನ ಮತಯಂತ್ರವನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ 1982ರಲ್ಲಿ ಅದನ್ನು ಮೊದಲು ಬಳಸಿದರು. 2004ರ ಲೋಕಸಭಾ ಚುನಾವಣೆಯ ವೇಳೆಗೆ ದೇಶದ ಎಲ್ಲ ಮತಗಟ್ಟೆಗಳಿಗೂ ಬಂತು. ಅದರಲ್ಲಿ ಏನಿದೆ? ಒಂದು ಘಟಕಕ್ಕೆ 16 ಹೆಸರು, ಹೆಸರಿನ ಮುಂದೆ ಗುರುತು, ಗುರುತಿನ ಮುಂದೆ ಒಂದು ನೀಲಿ ಗುಂಡಿ, ಗುಂಡಿಯ ಪಕ್ಕದಲ್ಲಿ ಬ್ರೈಲ್ ಅಂಕಿ. ಒತ್ತಿದರೆ ದೀಪ, ದೀರ್ಘವಾದ ಒಂದು ಸದ್ದು. ಮತಯಂತ್ರದ ಮೇಲೆ ಬೇರೆ ವಿಷಯದಲ್ಲಿ ಯಾರು ಏನೇ ವಾದಿಸಲಿ, ಓದು ಬಾರದ ಕೋಟ್ಯಂತರ ಜನ ಅದನ್ನು ಯಾರ ಸಹಾಯವೂ ಇಲ್ಲದೆ ಒತ್ತಿಬಂದರೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅಲ್ಲಿ ಗುಂಡಿಯನ್ನು ಆಮೇಲೆ ಸೇರಿಸಲಿಲ್ಲ. ಗುಂಡಿಯ ಸುತ್ತಲೇ ಯಂತ್ರವನ್ನು ಕಟ್ಟಿದರು.

ಇನ್ನೊಂದು ಸಮುದ್ರದ ಮೇಲಿನದು. 2017ರ ಆಗಸ್ಟ್ 21ರಂದು ಸಿಂಗಪುರದ ಹತ್ತಿರ ಅಮೆರಿಕದ ‘ಜಾನ್ ಎಸ್. ಮೆಕೇನ್’ ಎಂಬ ಯುದ್ಧನೌಕೆ ತೈಲದ ಹಡಗೊಂದಕ್ಕೆ ಡಿಕ್ಕಿ ಹೊಡೆದು ಹತ್ತು ಮಂದಿ ನಾವಿಕರು ಸತ್ತರು. ಅದರ ಚುಕ್ಕಾಣಿಯನ್ನೂ ವೇಗವನ್ನೂ ನಡೆಸುತ್ತಿದ್ದದ್ದು ಟಚ್ ಸ್ಕ್ರೀನು. ಚುಕ್ಕಾಣಿಯ ಹತೋಟಿ ಯಾವ ಪರದೆಯಲ್ಲಿದೆಯೆಂಬುದೇ ನಾವಿಕರಿಗೆ ಗೊಂದಲವಾಯಿತು. ಎರಡು ಎಂಜಿನುಗಳನ್ನೂ ನಿಧಾನಿಸಿದೆವೆಂದು ಭಾವಿಸಿ ಒಂದನ್ನೇ ನಿಧಾನಿಸಿದರು. ತರಬೇತಿಯ ಕೊರತೆಯೂ ಒಂದು ಕಾರಣವೆಂದು ತನಿಖೆಯವರು ಹೇಳಿದರು, ಅದನ್ನು ಮುಚ್ಚಿಡಬಾರದು. ಆದರೂ 2019ರಲ್ಲಿ ಆ ನೌಕಾಪಡೆಯೇ, ಇಂಥ ಹಡಗುಗಳಲ್ಲಿ ವೇಗಕ್ಕೆ ಪರದೆಯನ್ನು ಬಿಟ್ಟು ಕೈಯಿಂದ ಹಿಡಿದು ದೂಡುವ ಹಿಡಿಕೆಗಳಿಗೆ ಮರಳುವುದಾಗಿ ಪ್ರಕಟಿಸಿತು. ಹಣದ ಕೊರತೆಯಿಲ್ಲದವರು, ಹೊಸತನ್ನು ಕಂಡರೆ ಹೆದರದವರು ಹೀಗೆ ಮಾಡಿದರು. ಹಡಗಿಗೂ ಹಾಲಿನ ಡೇರಿಗೂ ಎಲ್ಲಿಯ ಸಾಟಿ ಎನ್ನಬಹುದು. ಕಣ್ಣು ಒಂದು ಕಡೆ ಇರಬೇಕಾದಾಗ ಕೈ ತಾನೇ ಕೆಲಸ ಮಾಡಬೇಕೆಂಬುದು ಎರಡೂ ಕಡೆ ಒಂದೇ.

ಎದುರು ಪಕ್ಷದಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ರಬ್ಬರು ಸವೆಯುತ್ತದೆ, ಸಂದಿಯಲ್ಲಿ ಹಾಲಿನ ಕೆನೆ ಕೂತು ನಾರುತ್ತದೆ, ಇರುವೆ ಹತ್ತುತ್ತದೆ. ಒಂದೇ ಗಾಜಿನ ಯಂತ್ರವನ್ನು ಕನ್ನಡ, ತೆಲುಗು, ಮರಾಠಿ ಎಲ್ಲ ನಾಡಿಗೂ ಮಾರಬಹುದು. ಗುಂಡಿಯ ಮೇಲೆ ‘ಹಸು’ ಎಂದು ಅಚ್ಚುಹಾಕಿದರೆ ಅದು ಕನ್ನಡನಾಡಿಗೇ ಮೀಸಲು. ಮಾರುವವರ ಈ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಅದು ಮಾರುವವರ ಕಷ್ಟ, ಕೊಳ್ಳುವವರು ನಾವು. ಸಹಕಾರ ಸಂಘವೆಂದರೆ ಹಾಲು ಹಾಕುವವರದೇ ಆಸ್ತಿಯಲ್ಲವೇ? ಯಂತ್ರ ಕೊಳ್ಳುವ ಮೊದಲು ಅದನ್ನು ಒಂದು ವಾರ ಡೇರಿಯ ಮೇಜಿನ ಮೇಲಿಟ್ಟು, ಒದ್ದೆಗೈಯಲ್ಲಿ, ಕರೆಂಟು ಹೋದ ಮಬ್ಬಿನಲ್ಲಿ, ವಯಸ್ಸಾದವರನ್ನು ಎದುರಿಗೆ ನಿಲ್ಲಿಸಿಕೊಂಡು ಪರೀಕ್ಷಿಸಬೇಕೆಂದು ನಿಯಮ ಮಾಡಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಅಂಕಿ ಗುಂಡಿಗಳು ಇರಲೇಬೇಕೆಂದು ಟೆಂಡರಿನಲ್ಲಿ ಒಂದು ಸಾಲು ಬರೆದರೆ ಮಾರುವವರು ತಾವಾಗಿಯೇ ದಾರಿ ಹುಡುಕುತ್ತಾರೆ. ಅಚ್ಚಿನ ಖರ್ಚು ಹೆಚ್ಚೆಂದರೆ ಬಣ್ಣದ ಗುಂಡಿ ಹಾಕಿ, ಮೇಲೊಂದು ಕನ್ನಡದ ಚೀಟಿ ಅಂಟಿಸಲಿ. ನಮ್ಮ ಮಾದರಿಗೆ ನಾವು ಅದನ್ನೇ ಮಾಡಿದೆವು. ಹಸುವಿಗೆ ಬಿಳಿ, ಎಮ್ಮೆಗೆ ಕಪ್ಪು.

ಮಾದರಿಯನ್ನು ಕಳೆದ ತಿಂಗಳು ಆಡಳಿತ ಮಂಡಲಿಯ ಮುಂದೆ ಇಟ್ಟೆವು. ಅಧ್ಯಕ್ಷರು ತಿರುಗಿಸಿ ಮುರುಗಿಸಿ ನೋಡಿ, ವಾರ್ಷಿಕ ಮಹಾಸಭೆಗೆ ತನ್ನಿ ಎಂದರು. ಯಂತ್ರ ಮಾರಿದವರಿಗೆ ಕಾರ್ಯದರ್ಶಿಯವರು ಬರೆದ ಪತ್ರಕ್ಕೆ ಇನ್ನೂ ಉತ್ತರವಿಲ್ಲ. ಸದ್ಯಕ್ಕೆ ನಾನು ಟಚ್ ಸ್ಕ್ರೀನಿನ ಪಕ್ಕದಲ್ಲಿ ಒಂದು ಒಣ ಟವೆಲ್ ಇಟ್ಟುಕೊಂಡು, ಹೆಸರನ್ನು ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ‘ಸರಿ’ ಮುಟ್ಟುತ್ತೇನೆ. ಕ್ಯೂ ಉದ್ದವಾಗುತ್ತದೆ, ಎರಡು ದಿನ ಕಾಲೇಜಿನ ಬಸ್ಸೂ ತಪ್ಪಿತು.

ಆ ದಿನ ಅಜ್ಜಿಯೂ ಬಂದಿದ್ದಳು. ನಮ್ಮ ಮಾದರಿಯನ್ನು ಅವಳ ಮುಂದಿಟ್ಟು, ನಿನ್ನ ನಂಬರು ನೀನೇ ಒತ್ತಜ್ಜಿ ಎಂದೆ. ಅಂಕಿ ಬಾರದೆಂದಳು. “ಮೇಲಿನ ಸಾಲಲ್ಲಿ ಮೊದಲನೇದು, ಅದರ ಮಗ್ಗುಲದು, ಅಷ್ಟೇ” ಎಂದು ತೋರಿಸಿದೆ. ಸೆರಗಿಗೆ ಕೈ ಒರೆಸಿಕೊಂಡು ಒಂದು ಒತ್ತಿದಳು, ಕೀ ಎಂದಿತು. ಎರಡನೆಯದನ್ನು ಒತ್ತಿದಳು, ಮತ್ತೆ ಕೀ ಎಂದಿತು. ಪರದೆಯ ಮೇಲೆ ಅವಳ ಹೆಸರು ಮೂಡಿತು. ನಾನು ಓದಿ ಹೇಳಿದೆ. ಅವಳು ಪರದೆಯ ಕಡೆ ನೋಡಲೇ ಇಲ್ಲ. ಎಲ್ಲವನ್ನೂ ಅಳಿಸಲು ಹೇಳಿ, ಅದೇ ಎರಡು ಗುಂಡಿಗಳನ್ನು ಇನ್ನೊಮ್ಮೆ ಒತ್ತಿ ನೋಡಿದಳು.